ಊರಿನ ಹೆಸರು ಸ್ಪ್ಯಾನಿಷ್, ಬಾಯಿ ಬಿಟ್ಟರೆ ಅನುಮಾನ

ಲಾಸ್ ಏಂಜಲೀಸ್ ಎಂದರೆ ಸ್ಪ್ಯಾನಿಷ್‌ನಲ್ಲಿ ದೇವದೂತರು. 1781ರಲ್ಲಿ ಮೆಕ್ಸಿಕೊದ ಸೊನೋರಾ, ಸಿನಲೋವಾ ಕಡೆಯಿಂದ ಬಂದ 44 ಜನ ಆ ಊರು ಕಟ್ಟಿದರು. ಅವರು ಆಡುತ್ತಿದ್ದ ಮಾತು ಸ್ಪ್ಯಾನಿಷ್, ಊರಿಗೆ ಇಟ್ಟ ಹೆಸರೂ ಸ್ಪ್ಯಾನಿಷ್. ಇಂಗ್ಲಿಷ್ ಆಡುವ ಸರ್ಕಾರ ಅಲ್ಲಿಗೆ ಬರಲು ಇನ್ನೂ 60 ವರ್ಷಕ್ಕಿಂತ ಜಾಸ್ತಿ ಕಾಲ ಇತ್ತು.

ಅದೇ ಊರಿನಲ್ಲಿ 2025ರ ಬೇಸಿಗೆಯಲ್ಲಿ ವಲಸೆ ಅಧಿಕಾರಿಗಳು ಬಸ್ ಸ್ಟಾಪುಗಳಲ್ಲಿ, ಕಾರು ತೊಳೆಯುವ ಜಾಗಗಳಲ್ಲಿ, ಕೂಲಿಯವರು ಕೆಲಸಕ್ಕೆ ಕಾಯುವ ಮೂಲೆಗಳಲ್ಲಿ ಜನರನ್ನು ತಡೆದು ನಿಲ್ಲಿಸಿದರು. ನೋಡಲು ಹೇಗಿದ್ದಾರೆ, ಸ್ಪ್ಯಾನಿಷ್ ಆಡುತ್ತಾರಾ ಅಥವಾ ಇಂಗ್ಲಿಷನ್ನೇ ಬೇರೆ ಧಾಟಿಯಲ್ಲಿ ಆಡುತ್ತಾರಾ, ಎಲ್ಲಿ ನಿಂತಿದ್ದಾರೆ, ಏನು ಕೆಲಸ ಮಾಡುತ್ತಾರೆ. ಬರೀ ಈ ನಾಲ್ಕನ್ನೇ ಇಟ್ಟುಕೊಂಡು ಯಾರನ್ನೂ ತಡೆಯಬಾರದು ಎಂದು ಅಲ್ಲಿನ ಫೆಡರಲ್ ಕೋರ್ಟ್ ಜುಲೈಯಲ್ಲಿ ಹೇಳಿತು. ಸೆಪ್ಟೆಂಬರ್ 8ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಆ ಆದೇಶಕ್ಕೆ ತಡೆ ಕೊಟ್ಟಿತು. ಅಂದರೆ ಸ್ಪ್ಯಾನಿಷ್ ಹೆಸರಿನ ಊರಿನಲ್ಲಿ ಸ್ಪ್ಯಾನಿಷ್ ಆಡುವುದು ಅನುಮಾನಕ್ಕೆ ಒಂದು ಕಾರಣವಾಗಿ ಉಳಿಯಿತು.

ಅದಕ್ಕೂ ಆರು ತಿಂಗಳು ಮೊದಲು, ಮಾರ್ಚ್ 1ರಂದು, ಅಧ್ಯಕ್ಷ ಟ್ರಂಪ್ ಇಂಗ್ಲಿಷ್ ಅಮೆರಿಕದ ಅಧಿಕೃತ ಭಾಷೆ ಎಂದು ಆದೇಶಕ್ಕೆ ಸಹಿ ಹಾಕಿದ್ದರು. ಆ ದೇಶಕ್ಕೆ ಅಲ್ಲಿಯವರೆಗೆ ರಾಷ್ಟ್ರಮಟ್ಟದಲ್ಲಿ ಅಧಿಕೃತ ಭಾಷೆ ಅಂತ ಒಂದು ಇರಲೇ ಇಲ್ಲ. ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಸರ್ಕಾರಿ ಕಚೇರಿಗಳು ನೆರವಾಗಬೇಕು ಎಂದು ಕ್ಲಿಂಟನ್ 2000ದಲ್ಲಿ ಹೊರಡಿಸಿದ್ದ ಆದೇಶವೂ ಇದರೊಂದಿಗೆ ರದ್ದಾಯಿತು. ಬೇರೆ ಭಾಷೆಯ ಸೇವೆಯನ್ನು ನಿಲ್ಲಿಸಲೇಬೇಕು ಎಂದು ಹೊಸ ಆದೇಶ ಹೇಳುವುದಿಲ್ಲ. ಕೊಡಬೇಕೋ ಬೇಡವೋ ಎನ್ನುವುದನ್ನು ಆಯಾ ಇಲಾಖೆಯ ಮುಖ್ಯಸ್ಥರಿಗೆ ಬಿಟ್ಟಿದೆ. ಮನೆಯಲ್ಲಿ ಸ್ಪ್ಯಾನಿಷ್ ಆಡುವ 4 ಕೋಟಿಗೂ ಹೆಚ್ಚು ಜನ ಇರುವ ದೇಶ ಅದು.

ಈ ಸುದ್ದಿಗಳನ್ನು ಓದುವಾಗ ನನ್ನನ್ನು ಕಾಡುವುದು ಇಂಗ್ಲಿಷ್ ಪದಕೋಶ. ಸ್ಪ್ಯಾನಿಷ್‌ನಿಂದ ಇಂಗ್ಲಿಷ್ ತೆಗೆದುಕೊಂಡ ಪದಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಮತ್ತೆ ಮತ್ತೆ ಒಂದೇ ಕಥೆ ಎದುರಾಗುತ್ತದೆ. ಪದ ಒಳಗೆ ಬಂತು, ಅದಕ್ಕೆ ಯಾರೂ ಕಾಗದಪತ್ರ ಕೇಳಲಿಲ್ಲ. ಆ ಪದ ಕಲಿಸಿದವರನ್ನು ಮಾತ್ರ ಬಾಗಿಲ ಹೊರಗೆ ನಿಲ್ಲಿಸಿದರು.

ಕ್ಯಾಲಿಫೋರ್ನಿಯಾದ ಚಿನ್ನದ ಕಥೆಯನ್ನೇ ನೋಡಿ. 1848ರ ಜನವರಿ 24ರಂದು ಸಟರ್ ಎಂಬಾತನ ಮರದ ಮಿಲ್ಲಿನ ಹತ್ತಿರ ಚಿನ್ನ ಕಂಡಿತು. ಒಂಬತ್ತು ದಿನದ ನಂತರ, ಫೆಬ್ರವರಿ 2ರಂದು, ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದವಾಗಿ ಮೆಕ್ಸಿಕೊ ತನ್ನ ಉತ್ತರದ ಅರ್ಧ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಸಹಿ ಹಾಕಿದವರಿಗೆ ಚಿನ್ನದ ಸುದ್ದಿ ಇನ್ನೂ ತಲುಪಿರಲಿಲ್ಲ. ಅಲ್ಲಿದ್ದ ಸ್ಪ್ಯಾನಿಷ್ ಆಡುವ ಜನ ಎಲ್ಲಿಂದಲೂ ವಲಸೆ ಬರಲಿಲ್ಲ. ಅವರು ತಮ್ಮ ಮನೆಯಲ್ಲೇ ಇದ್ದರು, ಗಡಿ ಅವರನ್ನು ದಾಟಿ ಹೋಯಿತು.

ಚಿನ್ನಕ್ಕಾಗಿ ಪೂರ್ವದಿಂದ ಓಡಿಬಂದ ಬಹುತೇಕರಿಗೆ ಗಣಿ ಕೆಲಸ ಗೊತ್ತಿರಲಿಲ್ಲ. ಗೊತ್ತಿದ್ದವರು ಮೆಕ್ಸಿಕೊದ ಸೊನೋರಾದವರು, ಚಿಲಿ ಮತ್ತು ಪೆರುವಿನವರು. ತಲೆಮಾರುಗಳಿಂದ ಬೆಳ್ಳಿ, ಚಿನ್ನದ ಗಣಿಗಳಲ್ಲಿ ದುಡಿದವರು. ಮರಳಿನಲ್ಲಿ ಚಿನ್ನ ಬೆರೆತಿರುವ ಜಾಗಕ್ಕೆ ಅವರು ‘ಪ್ಲಾಸೆರ್’ ಎನ್ನುತ್ತಿದ್ದರು. ಇಂಗ್ಲಿಷಿನವರ ಬಾಯಲ್ಲಿ ಅದು ಪ್ಲೇಸರ್ ಆಯಿತು. ಇವತ್ತಿಗೂ ಆ ರಾಜ್ಯದ ಒಂದು ಕೌಂಟಿಯ ಹೆಸರು ಅದೇ. ಸಮುದ್ರದಲ್ಲಿ ಗಾಳಿ ಮಳೆ ಇಲ್ಲದ ಒಳ್ಳೆಯ ಹವೆಗೆ ನಾವಿಕರು ‘ಬೊನಾಂಜಾ’ ಎನ್ನುತ್ತಿದ್ದರು. ಗಣಿಯವರು ಅದನ್ನು ಅದಿರು ಸಮೃದ್ಧವಾಗಿ ಸಿಗುವ ಭಾಗ್ಯಕ್ಕೆ ಬಳಸಿದರು. 1873ರಲ್ಲಿ ನೆವಾಡಾದ ಗಣಿಯೊಂದರಲ್ಲಿ ಭಾರಿ ಬೆಳ್ಳಿ ಸಿಕ್ಕಿದಾಗ ಆ ಪದ ಇಡೀ ಅಮೆರಿಕದ ಬಾಯಿಗೆ ಬಂತು. ನಮ್ಮ ಹಬ್ಬದ ಜಾಹೀರಾತುಗಳ ‘ಬಂಪರ್ ಬೊನಾಂಜಾ’ ಹೊರಟಿದ್ದು ಅಲ್ಲಿಂದ. ನೆವಾಡಾ ಅನ್ನುವುದೂ ಸ್ಪ್ಯಾನಿಷೇ, ಹಿಮ ಹೊದ್ದ ನೆಲ ಎಂದರ್ಥ.

ಹೀಗೆ ಕೆಲಸವನ್ನೂ ಪದವನ್ನೂ ಕಲಿಸಿದವರಿಗೆ ಸಿಕ್ಕಿದ್ದೇನು? 1850ರಲ್ಲಿ ಕ್ಯಾಲಿಫೋರ್ನಿಯಾ ವಿದೇಶಿ ಗಣಿಗಾರರ ತೆರಿಗೆ ಹಾಕಿತು. ತಿಂಗಳಿಗೆ 20 ಡಾಲರ್. ಆ ಕಾಲಕ್ಕೆ ಅದು ಸಣ್ಣ ಮೊತ್ತ ಅಲ್ಲ. ಸಾವಿರಾರು ಜನ ಗಣಿ ಬಿಟ್ಟು ಹೋದರು. ಅವರೇ ಕಟ್ಟಿದ್ದ ಊರಿಗೆ ಸೊನೋರಾ ಎಂಬ ಹೆಸರು ಮಾತ್ರ ಉಳಿಯಿತು, ಈಗಲೂ ಇದೆ. 1851ರ ಜುಲೈ 5ರಂದು ಡೌನಿವಿಲ್ ಎಂಬ ಗಣಿ ಊರಿನಲ್ಲಿ ಜೋಸೆಫಾ ಎಂಬ ಮೆಕ್ಸಿಕನ್ ಹೆಂಗಸನ್ನು ಜನರ ಗುಂಪು ನೇಣಿಗೆ ಹಾಕಿತು. ಅವಳ ಮನೆಯ ಬಾಗಿಲು ಮುರಿದಿದ್ದ ಒಬ್ಬ ಗಣಿಗಾರನನ್ನು ಅವಳು ಇರಿದು ಕೊಂದಿದ್ದಳು. ಕಾನೂನನ್ನು ಕೈಗೆ ತೆಗೆದುಕೊಳ್ಳುವ ಇಂಥವರಿಗೆ ಇಂಗ್ಲಿಷಿನಲ್ಲಿ ‘ವಿಜಿಲಾಂಟೆ’ ಎನ್ನುತ್ತಾರೆ. ಅದೂ ಸ್ಪ್ಯಾನಿಷ್ ಪದ. ಮೂಲ ಅರ್ಥ ಕಾವಲುಗಾರ, ಅಷ್ಟೇ.

ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ. 1849ರಲ್ಲಿ ಮಾಂಟೆರೆಯಲ್ಲಿ ಕ್ಯಾಲಿಫೋರ್ನಿಯಾದ ಮೊದಲ ಸಂವಿಧಾನ ಬರೆಯಲು 48 ಜನ ಸೇರಿದ್ದರು. ಅವರಲ್ಲಿ ಎಂಟು ಜನ ಸ್ಪ್ಯಾನಿಷ್ ಭಾಷಿಕರು. ಸಭೆಗೆ ಒಬ್ಬ ಅನುವಾದಕ ಇದ್ದ. ರಾಜ್ಯದ ಎಲ್ಲ ಕಾನೂನುಗಳನ್ನೂ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪ್ರಕಟಿಸಬೇಕು ಎಂದು ಆ ಸಂವಿಧಾನದಲ್ಲಿ ಬರೆದರು. ಅಂದರೆ ಕ್ಯಾಲಿಫೋರ್ನಿಯಾ ಹುಟ್ಟಿದ್ದೇ ಎರಡು ಭಾಷೆಯ ರಾಜ್ಯವಾಗಿ. 30 ವರ್ಷದ ನಂತರ, 1879ರ ಹೊಸ ಸಂವಿಧಾನದಲ್ಲಿ, ಆ ಮಾತನ್ನು ತೆಗೆದುಹಾಕಿದರು. 1986ರಲ್ಲಿ ಜನರ ಮತಕ್ಕೆ ಹಾಕಿ ಇಂಗ್ಲಿಷನ್ನು ರಾಜ್ಯದ ಅಧಿಕೃತ ಭಾಷೆ ಮಾಡಿದರು. 2025ರ ಆದೇಶ ಇದ್ದಕ್ಕಿದ್ದಂತೆ ಬಂದದ್ದೇನಲ್ಲ, ಅದರ ಹಿಂದೆ ಇಷ್ಟು ಉದ್ದದ ದಾರಿ ಇದೆ.

ಅಮೆರಿಕ ತನ್ನನ್ನು ತಾನು ಹೇಗೆ ಕಂಡುಕೊಳ್ಳುತ್ತದೆ ಎಂದು ಕೇಳಿದರೆ ಮೊದಲು ಬರುವ ಚಿತ್ರ ಕೌಬಾಯ್. ಟೊಪ್ಪಿ, ಕುದುರೆ, ಹಗ್ಗ. ಆ ಚಿತ್ರದಿಂದ ಸ್ಪ್ಯಾನಿಷ್ ಪದಗಳನ್ನು ತೆಗೆದುಬಿಟ್ಟರೆ ಕೌಬಾಯ್‌ಗೆ ಮಾತೇ ಇರುವುದಿಲ್ಲ. ಕೊಲಂಬಸ್ 1493ರಲ್ಲಿ ಎರಡನೆಯ ಸಲ ಹೊರಟಾಗ ಹಡಗಿನಲ್ಲಿ ದನ, ಕುದುರೆಗಳಿದ್ದವು. ಮುಂದೆ ಮೆಕ್ಸಿಕೊದ ಬಯಲಿನಲ್ಲಿ ದನ ಕಾಯುವ ದೊಡ್ಡ ಕಸುಬೇ ಬೆಳೆಯಿತು. ದನಗಾಹಿಗೆ ಸ್ಪ್ಯಾನಿಷ್‌ನಲ್ಲಿ ‘ವಕೇರೊ’. ಅಲ್ಲಿ ವ ಅಕ್ಷರ ಬ ಥರ ಕೇಳುತ್ತದೆ. ಟೆಕ್ಸಾಸ್‌ಗೆ ಬಂದ ಇಂಗ್ಲಿಷಿನವರ ಕಿವಿಗೆ ಅದು ‘ಬಕರೂ’ ಎಂದು ಬಿತ್ತು, ಹಾಗೇ ಇಂಗ್ಲಿಷ್ ಪದವಾಯಿತು. ದನದ ದೊಡ್ಡಿಗೆ ಕೊರಾಲ್. ದನ ಸಾಕುವ ಜಾಗ ರಾಂಚೊ, ಅದೇ ರ‍್ಯಾಂಚ್. ದನಗಳನ್ನು ಸುತ್ತುವರಿದು ಕೂಡಿಸುವುದು ರೊಡೆಯೊ. ಕುಣಿಕೆ ಹಗ್ಗ ಲಾಸೊ. ಹಿಂಡು ಬೆದರಿ ಓಡುವುದು ಎಸ್ತಾಂಪೀದಾ. ಅದು ಸ್ಟ್ಯಾಂಪೀಡ್ ಆಗಿ, ಕಾಲ್ತುಳಿತದ ಸುದ್ದಿ ಬಂದಾಗಲೆಲ್ಲ ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ಕಾಣುತ್ತದೆ.

ಮಸ್ಟ್ಯಾಂಗ್ ಪದದ ಮೇಲೆ ನನಗೆ ವಿಶೇಷ ಪ್ರೀತಿ. ಮೆಸ್ತೆಂಗೊ ಎಂದರೆ ವಾರಸುದಾರರಿಲ್ಲದ, ತಪ್ಪಿಸಿಕೊಂಡು ಓಡಾಡುವ ಪ್ರಾಣಿ. ಸ್ಪೇನ್‌ನ ದನಕುರಿ ಸಾಕುವವರ ಸಂಘಕ್ಕೆ ಮೆಸ್ತಾ ಅಂತ ಹೆಸರು. ಒಡೆಯನಿಲ್ಲದ ಪ್ರಾಣಿಗಳ ಲೆಕ್ಕ ಆ ಸಂಘಕ್ಕೆ ಸೇರಿದ್ದು. ಅಲ್ಲಿಂದ ಮೆಸ್ತೆಂಗೊ, ಅಲ್ಲಿಂದ ಕಾಡುಕುದುರೆ ಮಸ್ಟ್ಯಾಂಗ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಹೆಸರಾಂತ ಯುದ್ಧವಿಮಾನಕ್ಕೆ ಇದೇ ಹೆಸರು. 1964ರಲ್ಲಿ ಫೋರ್ಡ್ ಕಾರಿಗೂ ಇದೇ ಹೆಸರು. ಅಮೆರಿಕದ ಸ್ವಾತಂತ್ರ್ಯದ ಗುರುತಾಗಿ ನಿಂತ ಪದ ಹೊರಟಿದ್ದು ಸ್ಪೇನ್‌ನ ದನದ ಲೆಕ್ಕದ ಪುಸ್ತಕದಿಂದ.

ಹಣದ ವಿಷಯವೂ ಹೀಗೇ. ಅಮೆರಿಕದ ಡಾಲರ್ ಅನ್ನು ಸ್ಪೇನ್‌ನ ಬೆಳ್ಳಿ ನಾಣ್ಯದ ಅಳತೆಯಲ್ಲಿ ಮಾಡಿದರು. ಆ ಸ್ಪ್ಯಾನಿಷ್ ನಾಣ್ಯ ಎಂಟು ‘ರಿಯಾಲ್’ಗೆ ಸಮ. 1857ರವರೆಗೂ ಅದು ಅಮೆರಿಕದ ಅಂಗಡಿಗಳಲ್ಲಿ ಕಾನೂನುಬದ್ಧವಾಗಿ ನಡೆಯುತ್ತಿತ್ತು. ಎಂಟರಲ್ಲಿ ಒಂದು ಭಾಗಕ್ಕೆ ‘ಬಿಟ್’ ಎನ್ನುತ್ತಿದ್ದರು. ಹಾಗಾಗಿ 25 ಸೆಂಟ್‌ಗೆ ‘ಎರಡು ಬಿಟ್’ ಅನ್ನುವ ಮಾತು ಉಳಿಯಿತು. 1957ರಲ್ಲಿ ಪೈಸೆ ಲೆಕ್ಕ ಬಂದ ಮೇಲೂ ನಮ್ಮಲ್ಲಿ ನಾಲ್ಕಾಣೆ, ಎಂಟಾಣೆ ಉಳಿಯಿತಲ್ಲ, ಹಾಗೆ. ನ್ಯೂಯಾರ್ಕ್ ಷೇರುಪೇಟೆಯಲ್ಲಿ ದಶಮಾಂಶದ ಲೆಕ್ಕ ಬಂದದ್ದು 2001ರಲ್ಲಿ. ಅದಕ್ಕೆ ಮೊದಲು ಎಷ್ಟೋ ಕಾಲ ಬೆಲೆಯನ್ನು ಎಂಟನೇ ಒಂದು ಭಾಗದ ಲೆಕ್ಕದಲ್ಲೇ ಬರೆಯುತ್ತಿದ್ದರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಸತ್ಯವನ್ನು ಮುಚ್ಚಿಡಬಾರದು. ಸ್ಪ್ಯಾನಿಷ್ ಕೂಡ ಗೆದ್ದುಕೊಂಡು ಬಂದ ಭಾಷೆ. ಇಂಗ್ಲಿಷಿಗೆ ಅದು ಕೊಟ್ಟ ಎಷ್ಟೋ ಪದಗಳು ಅದರದ್ದಲ್ಲ. ಕ್ಯಾರಿಬಿಯನ್ ದ್ವೀಪಗಳ ಟೈನೊ ಜನರದ್ದು, ಮೆಕ್ಸಿಕೊದ ನಾವಾಟ್ಲ್ ಭಾಷೆಯದ್ದು, ಆಂಡಿಸ್ ಬೆಟ್ಟಗಳ ಕೆಚುವಾದ್ದು. 1492ರಲ್ಲಿ ಕೊಲಂಬಸ್‌ಗೆ ಎದುರಾದವರು ಟೈನೊ ಜನ. ಅವರ ದೋಣಿ ‘ಕನೋವಾ’, ಅದೇ ಕೆನೂ. ಅವರ ನೇತಾಡುವ ಹಾಸಿಗೆ ‘ಹಮಾಕಾ’. ಮಾಂಸ ಸುಡಲು ಮರದ ಕೋಲುಗಳಿಂದ ಕಟ್ಟುತ್ತಿದ್ದ ಚೌಕಟ್ಟು ‘ಬಾರ್ಬಕೋವಾ’, ಇವತ್ತಿನ ಬಾರ್ಬೆಕ್ಯೂ. ಅವರು ಹೆದರುತ್ತಿದ್ದ ಬಿರುಗಾಳಿ ‘ಹುರಕಾನ್’. ಆ ಜನರಲ್ಲಿ ಬಹುಪಾಲು ಕೆಲವೇ ದಶಕಗಳಲ್ಲಿ ರೋಗಕ್ಕೆ, ಬಲವಂತದ ದುಡಿಮೆಗೆ ಬಲಿಯಾದರು. ಹವಾಮಾನ ಇಲಾಖೆಯವರು ಹರಿಕೇನ್ ಎಂದಾಗ ನಾವು ಕೇಳುವುದು ಅವರ ದನಿಯನ್ನೇ.

ಟೈನೊ ಜನ ಗೆಣಸಿಗೆ ಬಟಾಟಾ ಎನ್ನುತ್ತಿದ್ದರು. ಸ್ಪ್ಯಾನಿಷ್ ಅದನ್ನು ತೆಗೆದುಕೊಂಡಿತು, ಇಂಗ್ಲಿಷಿಗೆ ಹೋಗಿ ಪೊಟೇಟೊ ಆಯಿತು. ಸ್ಪ್ಯಾನಿಷ್‌ನ ಅಕ್ಕಪಕ್ಕದ ಭಾಷೆ ಪೋರ್ಚುಗೀಸ್ ಅದೇ ಪದವನ್ನು ಗೋವಾಕ್ಕೆ ತಂದಿತು. ಅಲ್ಲಿಂದ ನಮ್ಮ ಕರಾವಳಿಗೆ ಬಟಾಟೆ, ಧಾರವಾಡದ ಕಡೆಗೆ ಬಟಾಟಿ. ಅಡುಗೆಮನೆಯಲ್ಲಿ ಬಟಾಟೆ ಅನ್ನುವ ಮಂಗಳೂರಿನ ಅಜ್ಜಿ, ಪೊಟೇಟೊ ಅನ್ನುವ ಅವಳ ಮೊಮ್ಮಗ, ಇಬ್ಬರೂ ಆಡುತ್ತಿರುವುದು ಒಂದೇ ಪದ.

ನಾವಾಟ್ಲ್ ಇನ್ನೂ ಧಾರಾಳವಾಗಿ ಕೊಟ್ಟಿದೆ. ಟೊಮೆಟೊ ಅವರ ‘ಟೊಮಾಟ್ಲ್’. ಚಿಲ್ಲಿ ಅವರದೇ. ಸಪೋಟ ಅವರ ‘ತ್ಸಾಪೋಟ್ಲ್’, ಸ್ಪ್ಯಾನಿಷ್‌ನಲ್ಲಿ ಸಪೋಟೆ. ನಾವು ಇದನ್ನು ನಮ್ಮ ನೆಲದ ಹಣ್ಣು ಅಂತಲೇ ತಿಳಿದಿದ್ದೇವೆ, ಅಲ್ವಾ? ಕೊಡಗಿನ ತೋಟಗಳ ಬೆಣ್ಣೆಹಣ್ಣು ಅವರ ‘ಆವಾಕಾಟ್ಲ್’. ಸ್ಪೇನ್‌ನವರ ಬಾಯಿಗೆ ಅದು ಕಷ್ಟವಾಗಿ, ತಮಗೆ ಗೊತ್ತಿದ್ದ ‘ಅವೊಕಾದೊ’ ಎಂಬ ಪದದ ಹತ್ತಿರ ಎಳೆದುಕೊಂಡರು. ಆ ಪದಕ್ಕೆ ಆಗ ವಕೀಲ ಎಂದು ಅರ್ಥ. ಇಂಗ್ಲಿಷ್ ಅದನ್ನೇ ಹಿಡಿದುಕೊಂಡಿತು. ನಮ್ಮವರು ತಿಂದು ನೋಡಿ, ಬೆಣ್ಣೆಯ ಹಾಗಿದೆ ಎಂದು ಹೆಸರಿಟ್ಟರು. ಇಟ್ಟರೆ ಹೀಗಿಡಬೇಕು ಹೆಸರು, ಅಂತ ನನಗೆ ಪ್ರತಿ ಸಲ ಅನಿಸುತ್ತದೆ. ಕಕಾವೊ ಇಂಗ್ಲಿಷಿನಲ್ಲಿ ಕೋಕೊ ಆಗುವಾಗ ತೆಂಗಿನ ಪದದೊಂದಿಗೆ ಬೆರೆತುಹೋಯಿತು. ಪುತ್ತೂರಿನ ಕಡೆ ತೋಟಕ್ಕೆ ಹೋದರೆ ತೆಂಗು, ಅಡಿಕೆಯ ನೆರಳಿನಲ್ಲಿ ಕೋಕೊ ಗಿಡ ನಿಂತಿರುವುದು ಕಾಣುತ್ತದೆ. ಕ್ಯಾಂಪ್ಕೊ ಸಂಸ್ಥೆ 1986ರಲ್ಲಿ ಅಲ್ಲೇ ಚಾಕೊಲೇಟ್ ಕಾರ್ಖಾನೆ ಶುರು ಮಾಡಿತು.

ಮೆಣಸಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಕೊಲಂಬಸ್ ಪಶ್ಚಿಮಕ್ಕೆ ಹೊರಟಾಗ ಹುಡುಕುತ್ತಿದ್ದ ಸಂಬಾರ ಪದಾರ್ಥಗಳಲ್ಲಿ ಮುಖ್ಯವಾದದ್ದು ಕಾಳುಮೆಣಸು, ನಮ್ಮ ಪಡುಗಡಲ ತೀರದ ಬೆಳೆ. ಅವನಿಗೆ ಸಿಕ್ಕಿದ್ದು ಬೇರೆ ಖಾರ. ಕಾಳುಮೆಣಸಿಗೆ ಸ್ಪ್ಯಾನಿಷ್‌ನಲ್ಲಿ ಪಿಮಿಯೆಂತಾ. ಹೊಸ ಕಾಯಿಗೆ ಅದನ್ನೇ ಸ್ವಲ್ಪ ತಿರುಗಿಸಿ ಪಿಮಿಯೆಂತೊ ಎಂದರು. ಇಂಗ್ಲಿಷಿನಲ್ಲೂ ಎರಡಕ್ಕೂ ಪೆಪ್ಪರ್. ಆ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ತೀರಕ್ಕೆ ಬಂದಾಗ ನಾವೂ ಅದನ್ನೇ ಮಾಡಿದೆವು. ಮೆಣಸು ನಮ್ಮಲ್ಲಿ ಮೊದಲೇ ಇತ್ತು, ಹೊಸದಕ್ಕೆ ಮೆಣಸಿನಕಾಯಿ ಎಂದೆವು. ಒಂದನ್ನೊಂದು ಕೇಳದೆ ಮೂರು ಭಾಷೆಗಳೂ ಒಂದೇ ದಾರಿ ಹಿಡಿದವು. ಅದೇ 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಅವರು ಬಳಸಿದ ಪಿಮೆಂತಾ ಪದ ಸ್ಪ್ಯಾನಿಷ್ ಪಿಮಿಯೆಂತಾದ ಒಡಹುಟ್ಟು.

ಸ್ಪ್ಯಾನಿಷ್‌ನಲ್ಲಿ ಪದದ ಕೊನೆಗೆ ಇತೊ, ಇಯ್ಯಾ ಸೇರಿಸಿದರೆ ‘ಸಣ್ಣದು’ ಎನ್ನುವ ಅರ್ಥ ಬರುತ್ತದೆ. ಮೊಸ್ಕಾ ಎಂದರೆ ನೊಣ, ಮೊಸ್ಕೀಟೊ ಎಂದರೆ ಸಣ್ಣ ನೊಣ. ಇಂಗ್ಲಿಷಿಗೆ ಸೊಳ್ಳೆಯ ಹೆಸರು ಸಿಕ್ಕಿದ್ದು ಹೀಗೆ. ವೆನಿಲ್ಲಾ ಎಂದರೆ ಸಣ್ಣ ಒರೆ, ಕತ್ತಿಯ ಒರೆ. ಆ ಕೋಡು ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ. 2000ದ ನಂತರದ ವರ್ಷಗಳಲ್ಲಿ ಬೆಲೆ ಆಕಾಶಕ್ಕೇರಿದಾಗ ಮಲೆನಾಡಿನಲ್ಲಿ ಎಷ್ಟೋ ಮನೆಯವರು ರಾತ್ರಿಯೆಲ್ಲ ವೆನಿಲ್ಲಾ ಬಳ್ಳಿ ಕಾದರು, ಆಮೇಲೆ ಬೆಲೆ ಬಿದ್ದು ಬಳ್ಳಿ ಕಿತ್ತರು. ಗೆರಿಲ್ಲಾ ಎಂದರೆ ಸಣ್ಣ ಯುದ್ಧ. 1808ರ ನಂತರ ನೆಪೋಲಿಯನ್ ಸೇನೆಗೆ ಸ್ಪೇನ್‌ನ ಜನ ಕೊಟ್ಟ ಕಾಟದಿಂದ ಇಂಗ್ಲಿಷಿಗೆ ಬಂದ ಪದ.

ಕಿವಿಗೆ ಬಿದ್ದದ್ದನ್ನು ಇಂಗ್ಲಿಷ್ ತನಗೆ ತೋಚಿದಂತೆ ಜೋಡಿಸಿಕೊಂಡದ್ದೂ ಉಂಟು. ‘ಎಲ್ ಲಗಾರ್ತೊ’ ಎಂದರೆ ಹಲ್ಲಿ. ಎಲ್ ಎನ್ನುವುದು ಬರೀ ಮುಂದಿನ ಗುರುತು. ಎರಡನ್ನೂ ಒಟ್ಟಿಗೆ ನುಂಗಿ ಅಲಿಗೇಟರ್ ಎಂದರು. ಜಿರಲೆಗೆ ಕುಕರಾಚಾ. 1624ರಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ ಅದನ್ನು ‘ಕಕರೂಚ್’ ಎಂಬಂತೆ ಬರೆದ, ಸ್ಪೇನ್‌ನವರು ಹೀಗೆ ಕರೆಯುತ್ತಾರೆ ಎಂದೂ ಸೇರಿಸಿದ. ಮುಂದೆ ಅದು ಕಾಕ್ರೋಚ್ ಆಯಿತು. ಇಂಗ್ಲಿಷಿನಲ್ಲಿ ಕಾಕ್ ಎಂದರೆ ಹುಂಜ, ಆದರೆ ಹುಂಜಕ್ಕೂ ಜಿರಲೆಗೂ ಏನೂ ಸಂಬಂಧ ಇಲ್ಲ. ಇನ್ನೊಂದು ಪದ ನನ್ನ ಮನಸ್ಸಿನಲ್ಲಿ ಕೂತಿದೆ. ಸ್ಪ್ಯಾನಿಷ್‌ನ ‘ಹುಸ್ಗಾದೊ’ ಎಂದರೆ ನ್ಯಾಯಾಲಯ. ಗಡಿಯ ಕಡೆ ಆಡುಮಾತಿನಲ್ಲಿ ಹುಸ್ಗಾವ್. ಇಂಗ್ಲಿಷಿಗೆ ಬಂದಾಗ ಹೂಸ್ಗೌ, ಅರ್ಥ ಜೈಲು. ದಾರಿಯಲ್ಲಿ ಎಲ್ಲೋ ನ್ಯಾಯಾಲಯ ಜೈಲಾಗಿಬಿಟ್ಟಿತು.

ಹೀಗೆ ಪದ ತೆಗೆದುಕೊಂಡದ್ದನ್ನು ನೋಡಿ, ಭಾಷೆಗಳು ಎಷ್ಟು ಚೆನ್ನಾಗಿ ಬೆರೆಯುತ್ತವೆ ಎಂದು ಖುಷಿಪಡುವವರು ಇದ್ದಾರೆ. ನನಗೂ ಖುಷಿ ಇದೆ, ಆದರೆ ಅಷ್ಟಕ್ಕೇ ನಿಲ್ಲಲು ಮನಸ್ಸು ಒಪ್ಪುವುದಿಲ್ಲ. ಅರಿಜೋನಾ ವಿಶ್ವವಿದ್ಯಾಲಯದ ಜೇನ್ ಹಿಲ್ ಎಂಬ ಮಾನವಶಾಸ್ತ್ರಜ್ಞೆ 1990ರ ದಶಕದಲ್ಲಿ ಇದರ ಇನ್ನೊಂದು ಮುಖ ತೋರಿಸಿದರು. ಬಿಳಿಯ ಅಮೆರಿಕನ್ನರು ತಮಾಷೆಗೆ ಬಳಸುವ ಸ್ಪ್ಯಾನಿಷ್ ಅನ್ನು ಅವರು ಅಣಕದ ಸ್ಪ್ಯಾನಿಷ್ ಎಂದು ಕರೆದರು. ‘ನೋ ಪ್ರಾಬ್ಲೆಮೊ’ ಅನ್ನುವುದು ಅಂಥದ್ದು. ಸ್ಪ್ಯಾನಿಷ್‌ನಲ್ಲಿ ಆ ಪದವೇ ಇಲ್ಲ, ಇರುವುದು ಪ್ರೊಬ್ಲೆಮಾ. ‘ಮನ್ಯಾನಾ’ ಎಂದರೆ ನಾಳೆ, ಅಷ್ಟೇ. ಅಣಕದಲ್ಲಿ ಅದು ಸೋಮಾರಿಯ ಮಾತು. ‘ಅದಿಯೋಸ್’ ವಿದಾಯದ ಗೌರವದ ಮಾತು, ಅಣಕದಲ್ಲಿ ತೊಲಗು ಎಂಬಂತೆ. ಹಿಲ್ ಹೇಳಿದ್ದು ಇದು: ಹೀಗೆ ಆಡುವವರಿಗೆ ಬೇಕಾದಷ್ಟು ತಪ್ಪು ಮಾಡುವ ಸ್ವಾತಂತ್ರ್ಯ ಇದೆ. ಸ್ಪ್ಯಾನಿಷ್ ಆಡುವವರು ಇಂಗ್ಲಿಷಿನಲ್ಲಿ ಒಂದು ಸಣ್ಣ ತಪ್ಪು ಮಾಡಿದರೂ ಅವರ ಯೋಗ್ಯತೆಯನ್ನೇ ಅಳೆಯುತ್ತಾರೆ.

ಅಧಿಕೃತ ಭಾಷೆ ಬೇಕು ಎನ್ನುವ ಆಸೆಯನ್ನೇ ನಾನು ತಪ್ಪು ಎನ್ನಲಾರೆ. ಕನ್ನಡಿಗನಾಗಿ ಹಾಗೆ ಹೇಳಿದರೆ ಸುಳ್ಳಾಗುತ್ತದೆ. 1963ರ ಆಡಳಿತ ಭಾಷಾ ಕಾಯ್ದೆ ನಮಗೆ ಬೇಕಿತ್ತು, ಇವತ್ತಿಗೂ ಬೇಕು. ತನ್ನ ಮನೆಯಲ್ಲೇ ಕನ್ನಡ ಹಿಂದೆ ಸರಿಯುತ್ತಿರುವಾಗ ಅದಕ್ಕೆ ಒಂದು ಆಸರೆ ಬೇಡವೇ? ಆದರೆ ಅಮೆರಿಕದಲ್ಲಿ ಇಂಗ್ಲಿಷನ್ನು ಯಾರೂ ಹಿಂದೆ ತಳ್ಳುತ್ತಿಲ್ಲ. ಕೆಲಸ, ಕೋರ್ಟು, ಕಾಲೇಜು, ಎಲ್ಲ ಕಡೆ ಅದೇ ಇದೆ. ಸ್ಪ್ಯಾನಿಷ್ ಆಡುವ ಮನೆಗಳಲ್ಲಿ ಅಲ್ಲೇ ಹುಟ್ಟಿದ ಮಕ್ಕಳು ಇಂಗ್ಲಿಷ್ ಕಲಿಯುತ್ತಾರೆ, ಮೊಮ್ಮಕ್ಕಳ ಕಾಲಕ್ಕೆ ಸ್ಪ್ಯಾನಿಷ್ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ಅಲ್ಲಿ ಆದೇಶದ ಭಾರ ಬೀಳುವುದು ತೆರಿಗೆ ಪತ್ರ ಅರ್ಥವಾಗದ ಅಜ್ಜಿಯ ಮೇಲೆ, ಆಸ್ಪತ್ರೆಯ ಕಾಗದ ಓದಲಾರದ ಕೂಲಿಯವನ ಮೇಲೆ. ನಮ್ಮ ಪರಿಸ್ಥಿತಿಯನ್ನು ಅದರೊಂದಿಗೆ ಹೋಲಿಸುವವರು ಯಾವ ಭಾಷೆಗೆ ಬಲ ಇದೆ ಎಂದು ಮೊದಲು ನೋಡಬೇಕು.

ಈ ನಡುವೆ ಪದಗಳ ಓಡಾಟವೇನೂ ನಿಂತಿಲ್ಲ. ಫ್ಲಾರಿಡಾದ ಮಯಾಮಿಯಲ್ಲಿ ಫಿಲಿಪ್ ಕಾರ್ಟರ್ ಎಂಬ ಭಾಷಾವಿಜ್ಞಾನಿ ಅಲ್ಲಿನ ಇಂಗ್ಲಿಷನ್ನು ವರ್ಷಗಳಿಂದ ಗಮನಿಸಿದ್ದಾರೆ. ಕಾರಿನಿಂದ ಹೊರಬರುವುದಕ್ಕೆ ಅಲ್ಲಿಯವರು ‘ಗೆಟ್ ಡೌನ್ ಫ್ರಮ್ ದ ಕಾರ್’ ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಕಾರಿನಿಂದ ಇಳಿ ಎನ್ನುತ್ತಾರೆ, ಅದರದೇ ಅಚ್ಚು. ಅಲ್ಲೇ ಹುಟ್ಟಿ ಬೆಳೆದವರ ಇಂಗ್ಲಿಷಿನಲ್ಲೂ ಇದು ಕೇಳುತ್ತದೆ. ಇದನ್ನು ಓದಿದಾಗ ನಾನು ಎದ್ದು ಕೂತೆ. ಬೆಂಗಳೂರಿನ ಬಸ್ಸಿನಲ್ಲಿ, ಆಟೊದಲ್ಲಿ ನಾವೆಲ್ಲ ಆಡುವ ಇಂಗ್ಲಿಷ್ ಇದೇ ತಾನೆ? ‘ಐ ವಿಲ್ ಗೆಟ್ ಡೌನ್ ಹಿಯರ್.’ ನಮ್ಮದು ‘ಇಳೀತೀನಿ’ಯಿಂದ ಬಂದದ್ದು, ಅವರದ್ದು ಸ್ಪ್ಯಾನಿಷ್‌ನಿಂದ. ಶಾಲೆಯಲ್ಲಿ ಇದು ತಪ್ಪು ಎಂದು ಕೆಂಪು ಶಾಯಿ ಹಾಕಿಸಿಕೊಂಡವರಿಗೆ ಮಯಾಮಿಯಲ್ಲಿ ನೆಂಟರಿದ್ದಾರೆ.

ನಮ್ಮ ಸುದ್ದಿಗಳಲ್ಲೂ ಸ್ಪ್ಯಾನಿಷ್ ಬಂದು ಕೂತಿದೆ. ಪೆರುವಿನ ಮೀನುಗಾರರು ಕ್ರಿಸ್‌ಮಸ್ ಹೊತ್ತಿಗೆ ಕಡಲು ಬಿಸಿಯಾಗುವುದನ್ನು ಕಂಡು ಅದಕ್ಕೆ ‘ಎಲ್ ನಿನ್ಯೊ’ ಎಂದು ಹೆಸರಿಟ್ಟರು. ಬಾಲ ಯೇಸು ಎಂದರ್ಥ. 2023ರಲ್ಲಿ ಅದೇ ಎಲ್ ನಿನೊ ಬಂದ ವರ್ಷ, ಕರ್ನಾಟಕದ 236 ತಾಲ್ಲೂಕುಗಳಲ್ಲಿ 200ಕ್ಕೂ ಹೆಚ್ಚನ್ನು ಬರಪೀಡಿತ ಎಂದು ಸಾರಬೇಕಾಯಿತು. ಹೊಲದ ಬದುವಿನಲ್ಲಿ ನಿಂತು ಎಲ್ ನಿನೊ ಬಗ್ಗೆ ಮಾತಾಡುವ ರೈತನಿಗೆ ಆ ಪದ ಯಾವ ದೇಶದ್ದು ಎಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ.

ನನ್ನ ತಂಗಿ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದಾಳೆ. ಮಿಲ್ಪಾ ಎಂದರೆ ಮೆಕ್ಕೆಜೋಳದ ಹೊಲ, ನಾವಾಟ್ಲ್‌ನಿಂದ ಮೆಕ್ಸಿಕೊದ ಸ್ಪ್ಯಾನಿಷ್‌ಗೆ ಬಂದ ಪದ. ಮಿಲ್ಪಿಟಾಸ್ ಎಂದರೆ ಸಣ್ಣ ಸಣ್ಣ ಹೊಲಗಳು. ಅಲ್ಲಿಂದ ಸ್ವಲ್ಪ ದೂರದಲ್ಲಿ ಪಾಲೊ ಆಲ್ಟೊ, ಎತ್ತರದ ಮರ. ಕನ್ನಡದವರು ದಿನಸಿಗೆ ಹೋಗುವ ಅಂಗಡಿಗಳಿರುವ ರಸ್ತೆ ಎಲ್ ಕಮೀನೊ ರಿಯಲ್, ಅಂದರೆ ರಾಜಮಾರ್ಗ. ಪಕ್ಕದ ದೊಡ್ಡ ಊರು 1777ರಲ್ಲಿ ಹುಟ್ಟಿದ ಸಂತ ಜೋಸೆಫ್‌ನ ಊರು. ಇಲ್ಲಿಂದ ಹೋದ ಹೊಸದರಲ್ಲಿ ನಾವೆಲ್ಲ ಅದನ್ನು ಸ್ಯಾನ್ ಜೋಸ್ ಎಂದೇ ಓದುತ್ತೇವೆ, ಬರೆದಿರುವ ಹಾಗೆ.

ಸುಪ್ರೀಂ ಕೋರ್ಟಿನ ಆದೇಶ ಬಂದ ವಾರ ಅವಳೊಂದಿಗೆ ಮಾತಾಡಿದೆ. ಇಂಗ್ಲಿಷನ್ನು ಬೇರೆ ಧಾಟಿಯಲ್ಲಿ ಆಡುವುದೂ ಆ ಪಟ್ಟಿಯಲ್ಲಿದೆ ಎನ್ನುವುದು ಅವಳಿಗೆ ಗೊತ್ತಿತ್ತು. ಅವಳ ಇಂಗ್ಲಿಷಿನಲ್ಲಿ ಇನ್ನೂ ಹಾಸನ ಇದೆ. ಬಸ್ಸಿನಲ್ಲಿ ಕೂತಾಗ ಅಮ್ಮನಿಗೆ ಫೋನ್ ಮಾಡಿದರೆ ಈಗ ದನಿ ತಾನಾಗಿ ಸಣ್ಣದಾಗುತ್ತದೆ ಎಂದಳು. ಪಕ್ಕದ ಸೀಟಿನ ಹೆಂಗಸೂ ಹಾಗೇ, ಸ್ಪ್ಯಾನಿಷ್‌ನಲ್ಲಿ, ಫೋನಿಗೆ ಕೈ ಅಡ್ಡ ಇಟ್ಟುಕೊಂಡು ಮೆಲ್ಲಗೆ ಮಾತಾಡುತ್ತಿದ್ದರಂತೆ. ಯಾವ ಬಸ್ಸು, ಎಲ್ಲಿಗೆ ಹೋಗುವುದು ಎಂದು ಕೇಳಿದೆ.

‘ಸಾನ್ ಹೊಸೆ’ ಎಂದಳು.